ತೀರಿಹೋದ ಜರ್ವೇಸ್ ಮತ್ತು ನಾನು

ನಮ್ಮ ಎಲ್ಲರ್ಬಿ ಮನೆತನದಲ್ಲಿ ಹಿರಿಯ ಮಗನಿಗೆ ಅಪ್ಪನಿಂದ 'ಸರ್' ಎಂಬ ಬಿರುದು, ಥಾರ್ನ್‌ಹೋಮಿನ ದೊಡ್ಡಮನೆ ಮತ್ತು ಜಮೀನು ಇಳಿದು ಬರುತ್ತಿದ್ದವು. ಕಿರಿಯವನಿಗೆ ದಂಡು. ನಾನು ಕಿರಿಯವನು. ನನ್ನನ್ನು ದಂಡಿಗೆ ಸೇರಿಸುವ ಮಾತು ಬಂದಾಗ ಸೋದರತ್ತೆ ಡ್ರುಸಿಲಾ ಎಲ್ಲರ ಮುಂದೆ ಹೀಗೆ ಹೇಳಿದ್ದಳು: "ಓದು ಹತ್ತಲಿಲ್ಲ. ಪಾದ್ರಿ ಮಾಡೋಣ ಅಂದ್ರೆ ಪ್ರಾರ್ಥನೆ ಹೊತ್ತಲ್ಲಿ ಗೊರಕೆ ಹೊಡೀತಾನೆ. ಆದ್ರೆ ದಂಡಿನ ಕೆಂಪು ಬಣ್ಣ ಇವನಿಗೆ ಒಪ್ಪುತ್ತೆ. ಕಳಿಸಿಬಿಡಿ."

ಅತ್ತೆ ಹೇಳಿದ್ದು ಸರಿಯಾಗಿತ್ತು. ಕೆಂಪು ಕೋಟು ನನಗೆ ಬಹಳ ಒಪ್ಪುತ್ತಿತ್ತು. ಅದೊಂದೇ ಅರ್ಹತೆಯ ಮೇಲೆ, ಮನೆತನದ ಹೆಸರಿನ ಬಲದಿಂದ, ನಾನು ಕ್ಯಾಪ್ಟನ್ ಪದವಿಯವರೆಗೆ ಏರಿದೆ. ಸೈನಿಕರು ನನ್ನನ್ನು ದ್ವೇಷಿಸುತ್ತಿರಲಿಲ್ಲ. ಕವಾಯತಿನ ಮೈದಾನದಲ್ಲಿ ನಾನು ನಿಂತರೆ ನೋಡಲು ಚೆನ್ನಾಗಿರುತ್ತಿತ್ತು, ಅಷ್ಟೇ. ಕೆಲಸವನ್ನೆಲ್ಲ ಸಾರ್ಜೆಂಟ್ ಮಾಡುತ್ತಿದ್ದ.

ಆ ದಿನಗಳಲ್ಲಿ ನನಗೆ ಪಾದ್ರಿ ವೆದರಲ್ ಅವರ ಮಗಳು ಫಿಲಿಪಾಳ ಮೇಲೆ ಮನಸ್ಸಾಗಿತ್ತು. ಒಮ್ಮೆ ಕೇಳಿದೆ, ಬೇಡ ಎಂದಳು. ಜರ್ಮನ್ ಸೀಮೆಯಲ್ಲಿ ಫ್ರೆಂಚರ ಮೇಲೆ ಯುದ್ಧ ಶುರುವಾಗಿ ನಮ್ಮ ದಂಡು ಹೊರಡುವ ಹೊತ್ತಿಗೆ ಇನ್ನೊಮ್ಮೆ ಕೇಳಿದೆ. ಯುದ್ಧಕ್ಕೆ ಹೊರಟವನಿಗೆ ಯಾರು ಬೇಡ ಎನ್ನುತ್ತಾರೆ ಎಂಬ ಧೈರ್ಯ ನನ್ನದು.

"ನಿಮ್ಮ ಮೇಲೆ ನನಗೆ ಸಿಟ್ಟೇನೂ ಇಲ್ಲ," ಎಂದಳು ಫಿಲಿಪಾ. "ಆದ್ರೆ ಮಾತಾಡ್ತಾ ಮಾತಾಡ್ತಾ ನೀವು ನನ್ನ ಹಿಂದಿರೋ ಕನ್ನಡಿ ನೋಡ್ಕೊಳ್ತೀರಿ. ಈಗಲೂ ನೋಡ್ತಿದ್ದೀರಿ."

ಹೌದು, ನೋಡುತ್ತಿದ್ದೆ. ಹೊಸ ಕೋಟು ಅಂದೇ ಬಂದಿತ್ತು. ಯಾರ್ಕಿನ ದರ್ಜಿ ಅಳತೆ ತೆಗೆಯುವಾಗ ಹೊಟ್ಟೆ ಒಳಗೆಳೆದು ಉಸಿರು ಬಿಗಿಹಿಡಿದು ನಿಂತಿದ್ದೆ. ಹಾಗಾಗಿ ಆ ಕೋಟು ನನಗೆ ಉಸಿರಾಡದಿರುವಾಗ ಮಾತ್ರ ಸರಿಹೋಗುತ್ತಿತ್ತು.

ಮುಂದಾದ ಅನಾಹುತಕ್ಕೆಲ್ಲ ಆ ಕೋಟೇ ಮೂಲ. ವೆಸ್ಟ್‌ಫಾಲಿಯಾದ ಒಂದು ಹಳ್ಳಿಯ ಬಳಿ ನಮ್ಮ ತುಕಡಿಯನ್ನು ಗೋಧಿ ಹೊಲದ ಬದುವಿನಲ್ಲಿ ನಿಲ್ಲಿಸಿದ್ದರು. ನಾನು ಕತ್ತಿಯೆತ್ತಿ ಸನ್ನೆ ಮಾಡಿದೊಡನೆ ತುಕಡಿ ಮುನ್ನುಗ್ಗಬೇಕು. ಕಡುಬೇಸಿಗೆ. ಸನ್ನೆ ಹೇಗೆ ಕಾಣುತ್ತದೋ ನೋಡೋಣವೆಂದು ಮೊದಲೇ ಒಮ್ಮೆ ಕೈಯೆತ್ತಿದೆ. ಕೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು, ಮೇಲೇಳಲಿಲ್ಲ. ಬಲವಂತ ಮಾಡಿದರೆ ಹೊಲಿಗೆ ಪರ್ರೆನ್ನುವ ಹಾಗಿತ್ತು. ದಾರಿ ತೋರಿಸುವವನಂತೆ ಕೈಯನ್ನು ಅಡ್ಡಕ್ಕೆ ಚಾಚಿಕೊಂಡು ನಿಂತಿದ್ದ ನನ್ನನ್ನು ಸಾರ್ಜೆಂಟ್ ನೋಡುತ್ತಿದ್ದ.

"ಸ್ವಲ್ಪ ಇರು, ಬಂದೆ," ಎಂದು ಅವನಿಗೆ ಹೇಳಿ ಬೇಲಿಯ ಹಿಂದಕ್ಕೆ ಹೋದೆ. ಕೋಟು ಕಳಚಿ ಬೇಲಿಯ ಮೇಲೆ ಹರವಿದೆ. ಕಂಕುಳ ಹೊಲಿಗೆಯನ್ನು ಬಿಚ್ಚಲು ಸೊಂಟದ ಚೂರಿಗೆ ಕೈ ಹಾಕಿದ್ದೆ. ಆಗಲೇ ಫ್ರೆಂಚರ ಫಿರಂಗಿ ಗುಂಡು ಬೇಲಿಯನ್ನೂ ಕೋಟನ್ನೂ ಸೀಳಿಕೊಂಡು ಹೋಯಿತು. ನಾನು ಹಿಂದಿನ ಚರಂಡಿಗೆ ಉರುಳಿದೆ. ತಲೆ ಕಲ್ಲಿಗೆ ಬಡಿಯಿತು.

ಎಚ್ಚರವಾಗಿ ಮೇಲೆದ್ದಾಗ ಸುತ್ತ ಹೊಗೆ. ನಮ್ಮವರು ಯಾರೂ ಇಲ್ಲ. ಯುದ್ಧದ ಕಡೆಗೆ ಓಡುತ್ತಿದ್ದೇನೆಂದೇ ನಂಬಿ ಓಡಿದೆ, ಓಡಿದ್ದು ತದ್ವಿರುದ್ಧ ದಿಕ್ಕಿಗೆ. ಅಲ್ಲಿ ಫ್ರೆಂಚ್ ಸವಾರರ ಗುಂಪೊಂದು ಎದುರಾಯಿತು.

"ನಾನು ಇಂಗ್ಲಿಷ್ ದಂಡಿನ ಕ್ಯಾಪ್ಟನ್," ಎಂದೆ, ನನಗೆ ಬರುತ್ತಿದ್ದ ಫ್ರೆಂಚಿನಲ್ಲಿ.

ಅವರಲ್ಲೊಬ್ಬ ನನ್ನ ಕೆಸರಾದ ಅಂಗಿಯನ್ನು, ಬರಿತಲೆಯನ್ನು ನೋಡಿದ. "ಸಂತೋಷ. ನಾನು ರಾಜರ ಸೋದರಮಾವ," ಎಂದ. ಎಲ್ಲರೂ ನಕ್ಕರು. ನನ್ನನ್ನು ಸಾಮಾನ್ಯ ಸಿಪಾಯಿಗಳ ಜೊತೆ ಕಟ್ಟಿ ನಡೆಸಿಕೊಂಡು ಹೋದರು.

ಇತ್ತ ನಮ್ಮ ಕಡೆ ನಡೆದದ್ದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ನಾನಿಲ್ಲದ ತುಕಡಿ ಅಂದು ಅದ್ಭುತವಾಗಿ ಕಾದಾಡಿತಂತೆ. ಸಂಜೆ ಅವರು ಹುಡುಕಿಕೊಂಡು ಬಂದಾಗ ಬೇಲಿಯ ಮೇಲೆ ನನ್ನ ಕೋಟಿನ ಚಿಂದಿ ಸಿಕ್ಕಿತು. ಈ ಕೋಟಿನೊಳಗಿದ್ದವನು ಬದುಕಿರಲು ಸಾಧ್ಯವಿಲ್ಲ ಎಂದು ಡಾಕ್ಟರು ತೀರ್ಮಾನಿಸಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಒಳಗೆ ಯಾರೂ ಇರಲಿಲ್ಲ ಎಂಬುದನ್ನು ಬಿಟ್ಟರೆ. ಚಿಂದಿಯನ್ನು ಪೆಟ್ಟಿಗೆಯಲ್ಲಿಟ್ಟು, ಬಾವುಟ ಹೊದಿಸಿ, ಬಂದೂಕು ಹಾರಿಸಿ ಹೂತರು. ಸಾರ್ಜೆಂಟ್ ಅತ್ತನಂತೆ. ಅವನು ನನಗಾಗಿ ಒಂದು ಕೊನೆಯ ಮಾತನ್ನೂ ಹುಟ್ಟಿಸಿದ: "ನನ್ನ ಕಡೆ ನೋಡಬೇಡಿ, ಮುಂದೆ ನಡೀರಿ."

ಸೆರೆ ಸಿಕ್ಕ ಅಧಿಕಾರಿಗಳಿಗೆ ಫ್ರಾನ್ಸಿನಲ್ಲಿ ಒಳ್ಳೆಯ ಉಪಚಾರ. ಓಡಿಹೋಗುವುದಿಲ್ಲವೆಂದು ಮಾತು ಕೊಟ್ಟರೆ ಸಾಕು, ಊರೊಳಗೆ ಮನೆ ಹಿಡಿದು ಇರಬಹುದು, ಔತಣಗಳಿಗೆ ಹೋಗಬಹುದು, ಸ್ವಲ್ಪ ದಿನಕ್ಕೆ ಅವರ ಕಡೆಯ ಕೈದಿಗಳೊಡನೆ ಅದಲುಬದಲಾಗಿ ಮನೆಗೂ ಬರಬಹುದು. ನನಗೆ ಅದೊಂದೂ ದಕ್ಕಲಿಲ್ಲ. ಕೋಟಿಲ್ಲದ ನನ್ನಲ್ಲಿ ಅಧಿಕಾರಿಯ ಯಾವ ಲಕ್ಷಣವೂ ಯಾರಿಗೂ ಕಾಣಲಿಲ್ಲ. ಎಷ್ಟೋ ಜನ ಎಷ್ಟೋ ಕಡೆಯಿಂದ ನೋಡಿದರು. ಕೊನೆಗೆ ನಮ್ಮನ್ನಿಟ್ಟಿದ್ದ ಕೋಟೆಯೂರಿನ ಬೇಕರಿಯವಳು, ರೂಸೆಲ್ ಎಂಬ ವಿಧವೆ, ಹಿಟ್ಟು ನಾದುವ ಕೆಲಸಕ್ಕೆ ನನ್ನನ್ನು ಆರಿಸಿಕೊಂಡಳು. ಅವಳ ತೋಳು ನನ್ನ ತೊಡೆಯಷ್ಟಿತ್ತು. ನಾನು ನಾದಿದ ಹಿಟ್ಟನ್ನು ಬೆರಳಿಂದ ಒತ್ತಿ ನೋಡಿ, "ಕ್ಯಾಪ್ಟನ್ ಸಾಹೇಬ್ರೇ, ಇದರಲ್ಲಿ ಗೋಡೆಗೆ ಗಾರೆ ಮಾಡಬಹುದು," ಎನ್ನುತ್ತಿದ್ದಳು. ಸಂಧಾನವಾಗಿ ಕೈದಿಗಳನ್ನು ಬಿಡುವವರೆಗೆ ಅಲ್ಲೇ ನಾದಿದೆ. ಬಿಟ್ಟ ದಿನ ಅವಳು ಅಳಲಿಲ್ಲ. ಇನ್ನು ಮೇಲೆ ಹಿಟ್ಟು ಹಾಳಾಗುವುದಿಲ್ಲ ಎಂದಳು.

ಹಲ್ ಬಂದರಿನಲ್ಲಿ ಇಳಿದು, ಮೀನಿನ ಗಾಡಿ ಹತ್ತಿ, ಥಾರ್ನ್‌ಹೋಮಿಗೆ ಬಂದೆ. ಊರಮುಂದಿನ ಹೋಟೆಲಿನ ಯಜಮಾನ ಕ್ರಂಪ್ ಬಾಗಿಲಲ್ಲೇ ನಿಂತಿದ್ದ. ನಾನು ಹುಟ್ಟಿದಾಗಿನಿಂದ ನನ್ನನ್ನು ಬಲ್ಲವನು.

"ಎಲ್ಲೋ ನೋಡಿದ ಮುಖ," ಎಂದ.

"ನಾನಯ್ಯ, ಜರ್ವೇಸ್ ಎಲ್ಲರ್ಬಿ."

"ಆ ಪುಣ್ಯಾತ್ಮರ ಹೆಸರಲ್ಲಿ ತಮಾಷೆ ಬೇಡ ಸ್ವಾಮಿ." ಅವನು ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡ. "ನಿಮ್ಗೂ ಅವ್ರಿಗೂ ಹೋಲಿಕೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಅವ್ರು ಎತ್ತರ. ಮುಖದಲ್ಲಿ ಒಂದು ಕಳೆ ಇತ್ತು."

"ನಾನೇ ಕಣಯ್ಯ ಅವನು. ನೀನು ನನ್ನನ್ನ ಕತ್ತೆ ಮೇಲೆ ಕೂರಿಸಿ ಬೀಳಿಸಿದ್ದು ಮರೆತುಹೋಯ್ತಾ?"

"ಬಿದ್ದಿದ್ದು ಅವ್ರಲ್ಲ, ಅವ್ರಣ್ಣ ಮೈಲ್ಸ್ ಧಣಿ. ಜರ್ವೇಸ್ ಧಣಿ ಎಲ್ಲಿಂದ್ಲೂ ಬೀಳೋರಲ್ಲ. ಚರ್ಚಲ್ಲಿ ಕಲ್ಲು ನಿಲ್ಸಿದ್ದಾರೆ, ಬೇಕಾದ್ರೆ ಹೋಗಿ ನೋಡ್ಕೊಳ್ಳಿ. ಮುಖ ಸಮೇತ ಇದೆ."

ಹೋಗಿ ನೋಡಿದೆ. ಬಿಳಿ ಅಮೃತಶಿಲೆ, ಆಳೆತ್ತರ. ಮೇಲೆ ಒಬ್ಬ ದೇವದೂತ ತಲೆತಗ್ಗಿಸಿ ಅಳುತ್ತಿದ್ದಾನೆ. ನಡುವೆ ನನ್ನ ಮುಖ. ದೇವರು ನನಗೆ ಕೊಡಲು ಮರೆತ ಗಲ್ಲವನ್ನು ಶಿಲ್ಪಿ ಧಾರಾಳವಾಗಿ ಕೊಟ್ಟಿದ್ದ. ಕೆಳಗೆ ಕೆತ್ತಿದ್ದ ಅಕ್ಷರಗಳನ್ನು ಓದಿದೆ. ಶತ್ರುಗಳಿಗೆ ಸಿಂಹ, ಬಡವರಿಗೆ ತಂದೆ, ವಿನಯದಲ್ಲಿ ಮಗು, ತನ್ನ ರೂಪದ ಅರಿವೇ ಇಲ್ಲದಷ್ಟು ನಿಗರ್ವಿ. ಕೊನೆಯಲ್ಲಿ ಸಾರ್ಜೆಂಟನ ಆ ಮಾತು. ಓದುತ್ತ ಹೋದಂತೆ ಇಂಥವನು ಸಾಯಬಾರದಿತ್ತು ಎಂದು ನನಗೂ ಅನ್ನಿಸಿತು.

ಪಕ್ಕದಲ್ಲಿ ಇನ್ನೊಂದು ಕಲ್ಲು, ಚಿಕ್ಕದು. ಅಣ್ಣ ಮೈಲ್ಸನ ಹೆಸರು. ಚಳಿಗಾಲದ ಬೇಟೆಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡನೆಂದು ಅದರಲ್ಲಿತ್ತು.

ನಾನು ಹತ್ತಿರದ ಬೆಂಚಿನ ಮೇಲೆ ಕೂತುಬಿಟ್ಟೆ. ಅಣ್ಣ ನನಗಿಂತ ಒಳ್ಳೆಯ ಸವಾರ. ಮಾತು ಕಡಿಮೆ. ನಾನು ದಂಡಿಗೆ ಹೊರಟ ಬೆಳಿಗ್ಗೆ ನನ್ನ ಕುದುರೆಯ ಜೀನನ್ನು ತಾನೇ ಬಿಗಿದುಕೊಟ್ಟು, "ಹುಷಾರು," ಎಂದಷ್ಟೇ ಹೇಳಿದ್ದ. ಅವನ ಕಲ್ಲಿನ ಮೇಲೆ ಹೆಸರು, ಇಸವಿ ಬಿಟ್ಟು ಏನೂ ಇರಲಿಲ್ಲ. ಹೊಗಳಿಕೆಯನ್ನೆಲ್ಲ ನನಗೇ ಖರ್ಚು ಮಾಡಿ ಮುಗಿಸಿದ್ದರು.

ಎಷ್ಟು ಹೊತ್ತು ಕೂತಿದ್ದೆನೋ. ಬಾಗಿಲ ಸದ್ದಾಯಿತು. ಕಪ್ಪು ಬಟ್ಟೆ ತೊಟ್ಟ ಹೆಣ್ಣೊಬ್ಬಳು ಕೈಯಲ್ಲಿ ಹೂವು ಹಿಡಿದು ಬಂದು ನನ್ನ ಕಲ್ಲಿನ ಕೆಳಗೆ ಇಡಲು ಬಾಗಿದಳು. ಫಿಲಿಪಾ.

ನಾನು ಕೆಮ್ಮಿದೆ. ಅವಳು ತಿರುಗಿದಳು. ಕಿರುಚಲಿಲ್ಲ, ಮೂರ್ಛೆ ಹೋಗಲಿಲ್ಲ. ಬಹಳ ಹೊತ್ತು ನೋಡಿದಳು.

"ನೀವು ಸತ್ತಿಲ್ವಾ?"

"ಇಲ್ಲ."

"ಖಂಡಿತಾನಾ?"

"ಇಲ್ಲಿ ಬಂದು ಇದನ್ನ ಓದೋವರೆಗೂ ಖಂಡಿತ ಇತ್ತು."

ಅವಳು ಹೂವನ್ನು ಅಲ್ಲೇ ಬಿಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. "ನೀವು ಬದುಕಿರೋದು ಒಳ್ಳೇದೇ. ನಾನು ಸಂತೋಷ ಪಡ್ಬೇಕು, ಪಡ್ತೀನಿ, ಸ್ವಲ್ಪ ಹೊತ್ತಾದ್ಮೇಲೆ. ಆದ್ರೆ ಈಗ ನನ್ನ ಗತಿ ಏನು?"

ನನಗೆ ಅರ್ಥವಾಗಲಿಲ್ಲ. ಕೇಳುವಷ್ಟರಲ್ಲಿ ಅವಳ ತಂದೆ ಪಾದ್ರಿ ವೆದರಲ್ ಒಳಗೆ ಬಂದರು. ನನ್ನನ್ನು ನೋಡಿ ಗೋಡೆ ಹಿಡಿದುಕೊಂಡರು. ಆಮೇಲೆ ಓಡಿಬಂದು ತಬ್ಬಿಕೊಂಡರು, ಅತ್ತರು, ಮಗಳ ಕೈಯನ್ನು ಎಳೆದು ನನ್ನ ಕೈಯಲ್ಲಿಟ್ಟರು.

"ನಿನ್ನ ಪ್ರಾರ್ಥನೆ ದೇವರಿಗೆ ಕೇಳಿಸ್ತಮ್ಮಾ," ಎಂದರು ಅವಳಿಗೆ. ನನಗೆ ಹೇಳಿದರು: "ನೀವಿಬ್ರೂ ಗುಟ್ಟಾಗಿ ಮಾತು ಕೊಟ್ಕೊಂಡಿದ್ದನ್ನ ಇವಳು ನೀವು ಹೋದ್ಮೇಲೆ ಹೇಳಿದ್ಳು ಮಗೂ. ಅವತ್ತಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟಿಲ್ಲ."

ಫಿಲಿಪಾ ನನ್ನ ಕಡೆ ನೋಡಲಿಲ್ಲ. ನಾನು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ನನ್ನಂಥವನಿಗೆ ಅದು ಸುಲಭದ ಕೆಲಸವಲ್ಲ.

ಅಣ್ಣನಿಗೆ ಮಕ್ಕಳಿರಲಿಲ್ಲ, ನಾನು ಸತ್ತವನು. ಹಾಗಾಗಿ ದೊಡ್ಡಮನೆಯಲ್ಲಿ ಈಗ 'ಸರ್' ಆಗಿದ್ದವನು ದಾಯಾದಿ ಸೈಲಸ್. ಹಲ್‌ನಲ್ಲಿ ಧಾನ್ಯದ ವ್ಯಾಪಾರ ಮಾಡಿಕೊಂಡಿದ್ದವನು, ನನಗಿಂತ ಹತ್ತು ವರ್ಷ ದೊಡ್ಡವನು. ದಾಯಾದಿ ಕೋರ್ಟು ಹತ್ತಿಸುತ್ತಾನೆ, ನನ್ನನ್ನು ವಂಚಕನೆಂದು ಹೊರದಬ್ಬುತ್ತಾನೆ ಎಂದುಕೊಂಡು ದಾರಿಯುದ್ದಕ್ಕೂ ಒಂದು ಗಂಭೀರ ಭಾಷಣ ಸಿದ್ಧಮಾಡಿಕೊಂಡೆ. ಅವನು ಮನೆಯಲ್ಲಿರಲಿಲ್ಲ. ಕೆಳಗಿನ ಜೌಗಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಾಲುವೆ ತೋಡಿಸುತ್ತಿದ್ದ.

"ಸೈಲಸ್ ಅಣ್ಣ," ಎಂದೆ.

ತಲೆಯೆತ್ತಿ ನೋಡಿದ. ಗುದ್ದಲಿ ಕೆಳಗಿಟ್ಟ. "ಜರ್ವೇಸ್? ಅಯ್ಯೋ ಮಾರಾಯ, ಬಂದ್ಯಾ? ಸದ್ಯ. ಸದ್ಯ ಬಂದ್ಯಲ್ಲ." ಕೆಸರಿನ ಕೈಯಲ್ಲೇ ನನ್ನ ಭುಜ ಹಿಡಿದು ಅಲುಗಿಸಿದ. "ನನ್ನ ಹೆಂಡ್ತಿಗೆ ಆ ದೊಡ್ಡ ಮಂಚದಲ್ಲಿ ನಿದ್ದೇನೇ ಬರಲ್ಲ. ಒಲೆಗೂಡೆಲ್ಲ ಹೊಗೆ. ಯಾರಾದ್ರೂ 'ಸರ್ ಸೈಲಸ್' ಅಂದ್ರೆ ಯಾರನ್ನೋ ಕರೀತಿದ್ದಾರೆ ಅಂತ ಹಿಂದೆ ತಿರುಗಿ ನೋಡ್ತೀನಿ. ನಾಳೆನೇ ಹೊರಟುಬಿಡ್ತೀವಿ."

ನನ್ನ ಭಾಷಣ ಹೊಟ್ಟೆಯಲ್ಲೇ ಉಳಿಯಿತು. ಜೌಗಿನ ಕಡೆ ನೋಡಿದೆ. ನಮ್ಮಪ್ಪನ ಕಾಲದಿಂದ ಬಾತುಕೋಳಿ ಬಿಟ್ಟು ಯಾರಿಗೂ ಉಪಯೋಗವಿಲ್ಲದ ನೆಲ ಅರ್ಧದಷ್ಟು ಹಸಿರಾಗಿತ್ತು. ಬರುವ ದಾರಿಯಲ್ಲಿ ಗೇಣಿದಾರರ ಮನೆಗಳಿಗೆಲ್ಲ ಹೊಸ ಮಾಡು ಹೊದಿಸಿದ್ದನ್ನು ನೋಡಿದ್ದೆ. ಬಡವರಿಗೆ ತಂದೆ ಎಂದು ಕೆತ್ತಿದ್ದು ನನ್ನ ಹೆಸರಿನಲ್ಲಿ, ಕೆಲಸ ಮಾಡಿದವನು ಇವನು.

"ಇದೆಲ್ಲ ನೋಡ್ಕೊಳ್ಳೋಕೆ ನನಗೆ ಬರಲ್ಲ ಅಣ್ಣ. ನೀನು ಹೋದ್ರೆ ಈ ಕಾಲುವೆ ಎಲ್ಲಿಂದ ಎಲ್ಲಿಗೆ ಹೋಗ್ಬೇಕು ಅಂತಾನೂ ನನಗೆ ಗೊತ್ತಿಲ್ಲ."

"ಸಮುದ್ರದ ಕಡೆಗೆ ಕಣಯ್ಯ. ನೀರು ಇನ್ನೆಲ್ಲಿಗೆ ಹೋಗುತ್ತೆ?"

"ನೋಡಿದ್ಯಾ, ಅದೇ ಗೊತ್ತಿರಲಿಲ್ಲ. ಇಲ್ಲೇ ಇರು."

ಅವನು ಸ್ವಲ್ಪ ಯೋಚಿಸಿ ಗುದ್ದಲಿ ಎತ್ತಿಕೊಂಡ. ಕಾಲುವೆಯನ್ನು ಅರ್ಧಕ್ಕೆ ಬಿಟ್ಟುಹೋಗಲು ಅವನಿಗೂ ಮನಸ್ಸಿರಲಿಲ್ಲ. ಹೀಗೆ ನಾನು ಸರ್ ಜರ್ವೇಸ್ ಆದೆ, ಅವನು ಬರೀ ಸೈಲಸ್ ಆದ. ಅವನ ಹೆಂಡತಿ ಮಕ್ಕಳು ಅಂದೇ ಚಿಕ್ಕ ಕೋಣೆಗಳಿಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದರು. ಕೂಲಿಯವರು ಮಾತ್ರ ಏನು ಕೇಳಬೇಕಾದರೂ ಅವನನ್ನೇ ಕೇಳುತ್ತಿದ್ದರು. ನಾನು ಪಕ್ಕದಲ್ಲಿದ್ದರೆ ಟೊಪ್ಪಿ ತೆಗೆಯುತ್ತಿದ್ದರು.

ಡ್ರುಸಿಲಾ ಅತ್ತೆ ಸಮುದ್ರತೀರದ ತನ್ನ ಮನೆಯಿಂದ ಮರುದಿನವೇ ಗಾಡಿ ಕಟ್ಟಿಸಿಕೊಂಡು ಬಂದಳು. ಕೈಕೋಲು ಊರಿ ನನ್ನ ಸುತ್ತ ಒಂದು ಸುತ್ತು ಹಾಕಿದಳು.

"ಇವನೇ. ಸಂಶಯ ಇಲ್ಲ. ಇಷ್ಟು ಸಣ್ಣ ಗಲ್ಲ ಬೇರೆ ಯಾರಿಗೂ ಇರಲ್ಲ," ಎಂದಳು.

"ಆ ಕಲ್ಲು ತೆಗೆಸಬೇಕಲ್ಲ ಅತ್ತೆ."

"ಯಾಕೆ? ಅದು ನಿನ್ನ ತಂಟೆಗೆ ಬಂತಾ? ಕಲ್ಲು ಕಿತ್ರೆ ಗೋಡೆ ಬೀಳುತ್ತೆ ಅಂತ ನಿಲ್ಲಿಸೋವಾಗ್ಲೇ ಕಲ್ಲುಕುಟಿಗ ಹೇಳಿದಾನೆ. ಇರ್ಲಿ ಬಿಡು, ನಿನಗೂ ನೋಡಿ ಕಲಿಯೋಕೆ ಏನಾದ್ರೂ ಬೇಕಲ್ಲ."

ಅಂದಿನಿಂದ ಪ್ರತಿ ಭಾನುವಾರ ನಾನು ಆ ಜರ್ವೇಸನ ಕೆಳಗೆ ಕೂತೆ. ಜನ ಪ್ರಾರ್ಥನೆಯ ನಡುವೆ ಅವನನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಅವನನ್ನು ನೋಡುತ್ತಿದ್ದರು.

ಫಿಲಿಪಾಳ ಜೊತೆ ಒಂಟಿಯಾಗಿ ಮಾತಾಡಲು ಸಿಕ್ಕಿದ್ದು ಪಾದ್ರಿಗಳ ಹಿತ್ತಿಲಿನಲ್ಲಿ. ಅವಳು ಅವರೆ ಬಿಡಿಸುತ್ತಿದ್ದಳು. ಅಷ್ಟರಲ್ಲಿ ಮದುವೆಯ ಮಾತು ಊರೆಲ್ಲ ಹಬ್ಬಿತ್ತು. ನಾನು ಕೂಡ, ಮುಚ್ಚಿಡುವುದೇಕೆ, ಮದುವೆಯ ದಿನ ಹೇಗೆ ಬಾಗಿ ನಮಸ್ಕರಿಸಬೇಕೆಂದು ಕೋಣೆಯಲ್ಲಿ ಅಭ್ಯಾಸ ಮಾಡಿಯಾಗಿತ್ತು.

"ಬೆವರ್ಲಿಯ ಕಡ್‌ವರ್ತ್ ಗೊತ್ತಲ್ಲ? ಇಬ್ಬರು ಹೆಂಡ್ತೀರನ್ನ ಮಣ್ಣು ಮಾಡಿದೋರು," ಎಂದಳು ಅವಳು, ಬುಟ್ಟಿಯಿಂದ ಕಣ್ಣೆತ್ತದೆ. "ಅಪ್ಪ ನನ್ನನ್ನ ಅವ್ರಿಗೆ ಕೊಡೋಕೆ ಒಪ್ಪಿಬಿಟ್ಟಿದ್ರು. ಅದೇ ವಾರ ನೀವು ಹೋದ ಸುದ್ದಿ ಬಂತು. ನಿಮಗೆ ಮಾತು ಕೊಟ್ಟಿದ್ದೆ ಅಂದುಬಿಟ್ಟೆ. ಸತ್ತ ವೀರನಿಗೋಸ್ಕರ ಕಪ್ಪು ಉಟ್ಟೋಳನ್ನ ಯಾರು ಬಲವಂತ ಮಾಡ್ತಾರೆ? ಕಡ್‌ವರ್ತ್ ಕೂಡ ಕಾಯ್ತೀನಿ ಅಂದ್ರು. ಸುಖವಾಗಿದ್ದೆ. ನೀವು ಬಂದ್ರಿ."

"ಕ್ಷಮಿಸಿ."

"ನಿಮ್ಮ ತಪ್ಪೇನಿದೆ. ಈಗ ನಾನು ಸುಳ್ಳು ಹೇಳಿದ್ದೆ ಅಂದ್ರೆ ನಾಳೆನೇ ಬೆವರ್ಲಿಗೆ ಕಳಿಸ್ತಾರೆ. ಸುಮ್ನಿದ್ರೆ ನಿಮ್ಮನ್ನ ಮದುವೆ ಆಗ್ಬೇಕು. ಇಬ್ಬರಲ್ಲಿ ನೀವೇ ವಾಸಿ. ಊಟ ಮಾಡುವಾಗ ಸದ್ದು ಮಾಡಲ್ಲ."

ನನ್ನ ಬಗ್ಗೆ ಅವಳು ಹೇಳಿದ ಮೊದಲ ಒಳ್ಳೆಯ ಮಾತು ಅದು. ಅಷ್ಟಕ್ಕೆ ನಿಲ್ಲಿಸಿ ಮನೆಗೆ ಹೋಗಿದ್ದರೆ ಚೆನ್ನಾಗಿತ್ತು.

"ಕಡ್‌ವರ್ತ್ ಇಲ್ಲದೇ ಇದ್ದಿದ್ರೆ? ನಾನೊಬ್ಬನೇ ಕೇಳಿದ್ರೆ?"

ಅವಳು ಆಗ ತಲೆಯೆತ್ತಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಆವಾಗ ಎರಡು ಸಲ ಏನು ಹೇಳಿದ್ನೋ ಅದೇ ಹೇಳ್ತಿದ್ದೆ. ನಿಮ್ಮ ಹತ್ರ ಸುಳ್ಳು ಹೇಳಿ ಏನು ಪ್ರಯೋಜನ."

ಮನೆಗೆ ಬಂದು ಹಂದಿಮಾಂಸದ ಕಡುಬನ್ನು ಪೂರ್ತಿ ತಿಂದೆ. ದುಃಖವಾದಾಗ ಹಸಿವಾಗುವುದು ನನ್ನ ಜಾಯಮಾನ. ತಿನ್ನುತ್ತ ಯೋಚಿಸಿದೆ. ಹೆಣ್ಣು ಒಲ್ಲೆ ಎನ್ನುತ್ತಿದ್ದಾಳೆ, ಆದರೂ ಸಿಗುತ್ತಾಳೆ. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದರಲ್ಲಿ ನಾನು ಪಳಗಿದವನು. ಆದರೆ ಆ ದಣಿದ ಮುಖ ಕಡುಬಿನ ಜೊತೆ ಒಳಗಿಳಿಯಲಿಲ್ಲ.

ನಾನು ಬಂದ ಸಂತೋಷಕ್ಕೆ ಸೈಲಸ್ ಔತಣ ಇಟ್ಟುಕೊಂಡಿದ್ದ. ಮಧ್ಯಾಹ್ನದ ಊಟ. ಅತ್ತೆ, ಪಾದ್ರಿಗಳು, ಫಿಲಿಪಾ, ಸೈಲಸನ ಸಂಸಾರ, ಸುತ್ತಲಿನ ಜಮೀನುದಾರರು. ಫಿಲಿಪಾ ಕಪ್ಪು ಬಿಟ್ಟು ಬೂದುಬಣ್ಣ ಉಟ್ಟಿದ್ದಳು. ಪಾದ್ರಿಗಳು ಎದ್ದು ಲೋಟ ಎತ್ತಿದರು. ಬರುವ ಭಾನುವಾರ ಚರ್ಚಿನಲ್ಲಿ ಮದುವೆಯ ಘೋಷಣೆ ಮಾಡುವೆನೆಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಎದ್ದು ನಿಂತೆ.

"ಈ ಮದುವೆ ಆಗೋದಿಲ್ಲ," ಎಂದೆ. "ತಪ್ಪು ನನ್ನದು. ಫಿಲಿಪಾ ಅವರು ಕೊಟ್ಟ ಮಾತನ್ನ ಉಳಿಸ್ಕೊಂಡ್ರು. ನಾನು ಉಳಿಸ್ಕೊಳ್ಳಲಿಲ್ಲ. ನನ್ನ ಮನಸ್ಸು ಫ್ರಾನ್ಸಲ್ಲಿದೆ."

"ಫ್ರಾನ್ಸಲ್ಲಿ ಯಾರ ಹತ್ರ?" ಅತ್ತೆಯ ಧ್ವನಿ.

ಅದನ್ನು ನಾನು ಯೋಚಿಸಿರಲಿಲ್ಲ. ನನಗೆ ಫ್ರಾನ್ಸಿನಲ್ಲಿ ಗೊತ್ತಿದ್ದ ಹೆಂಗಸು ಒಬ್ಬಳೇ. "ಮೇಡಂ ರೂಸೆಲ್ ಅಂತ. ಬೇಕರಿ ಇಟ್ಟಿದಾರೆ."

"ಬೇಕರಿ," ಎಂದಳು ಅತ್ತೆ.

"ವಿಧವೆ. ಬಹಳ... ಬಹಳ ಬಲವಾದ ಹೆಂಗಸು."

ಸೈಲಸನ ಹೆಂಡತಿ ಎದ್ದು ಹೆಣ್ಣುಮಕ್ಕಳನ್ನು ಹೊರಗೆ ಕರೆದುಕೊಂಡು ಹೋದಳು. ಪಾದ್ರಿಗಳ ಲೋಟ ಇನ್ನೂ ಗಾಳಿಯಲ್ಲಿತ್ತು. ಸೈಲಸ್ ತನ್ನ ತಟ್ಟೆಯನ್ನು ನೋಡುತ್ತಿದ್ದ. ಫಿಲಿಪಾ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು. ಬಾಯಿ ತೆರೆದಳು. ಬೇಡ ಎನ್ನುವಂತೆ ನಾನು ಹುಬ್ಬು ಅಲುಗಿಸಿದೆ. ಅದನ್ನು ಎದುರು ಕೂತಿದ್ದ ಒಬ್ಬ ಜಮೀನುದಾರನ ಹೆಂಡತಿ ತನಗೇ ಮಾಡಿದ್ದೆಂದು ತಿಳಿದು ಮುಖ ತಿರುಗಿಸಿಕೊಂಡಳು.

ಅತ್ತೆ ಕೈವಸ್ತ್ರವನ್ನು ಮೇಜಿನ ಮೇಲೆ ಒಗೆದಳು. "ಫಿಲಿಪಾ, ಶಾಲು ತಗೊಂಡು ಬಾ. ನನ್ನ ಜೊತೆ ಬಂದು ಇರು. ಈ ಮನೆತನದಿಂದ ನಿನಗೆ ಆಗಿರೋ ಅವಮಾನಕ್ಕೆ ನಾನೇ ಜವಾಬ್ದಾರಿ."

"ಕಡ್‌ವರ್ತ್ ಅವರು ಇನ್ನೂ ಕಾಯ್ತಿದ್ದಾರೆ..." ಎಂದು ಪಾದ್ರಿಗಳು ಶುರುಮಾಡಿದರು.

"ಕಾಯ್ಲಿ. ಇಬ್ಬರನ್ನ ಕಳಿಸಿಕೊಟ್ಟಿದಾರಲ್ಲ, ಅವಸರ ಏನು." ಪಾದ್ರಿಗಳಿಗೆ ಅತ್ತೆಯ ಮಾತು ಮೀರುವ ಧೈರ್ಯ ಎಂದೂ ಇರಲಿಲ್ಲ. ಅವಳು ನನ್ನ ಕಡೆ ಕೋಲು ತೋರಿಸಿದಳು. "ನೀನು ನನ್ನ ಹೊಸಲು ತುಳೀಬೇಡ."

ಹೀಗೆ ನಾನು ಊರಿಗೆ ಬೇಡವಾದೆ. ನಂಬಿ ಕಾದ ಹೆಣ್ಣನ್ನು ರೊಟ್ಟಿ ಸುಡುವವಳಿಗಾಗಿ ಕೈಬಿಟ್ಟವನು. ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ, ಕಾಲು ಚಾಚಿಕೊಳ್ಳಲು ಅನುಕೂಲವಾಯಿತು. ಒಮ್ಮೆ ಕ್ರಂಪ್ ತನ್ನ ಹೋಟೆಲಿನ ಬಾಗಿಲಲ್ಲಿ ಯಾರಿಗೋ ಹೇಳುತ್ತಿದ್ದ: "ಒಳ್ಳೇ ಜರ್ವೇಸ್ ಧಣಿ ಸತ್ರು. ಈ ಇನ್ನೊಬ್ರು ವಾಪಸ್ ಬಂದ್ರು." ನಾನು ಕುದುರೆ ನಿಲ್ಲಿಸಿ ಶುಭದಿನ ಹೇಳಿದೆ. ಅವನು ತಪ್ಪು ಹೇಳಿದನೆಂದು ನನಗೂ ಅನ್ನಿಸಲಿಲ್ಲ.

ಒಳ್ಳೆಯ ಕೆಲಸ ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ಪಾದ್ರಿಗಳು ಹೇಳುತ್ತಿದ್ದರು. ನನಗೆ ಹಾಗೇನೂ ಆಗಲಿಲ್ಲ. ಯಾರಿಗಾದರೂ ನಿಜ ಹೇಳಿಬಿಡಬೇಕೆಂದು ನಾಲಗೆ ತುರಿಸುತ್ತಿತ್ತು. ಒಂದು ದಿನ ಜೌಗಿನ ಬದಿಯಲ್ಲಿ ಸೈಲಸನಿಗೆ ಹೇಳಲು ಹೊರಟೆ. "ಅಣ್ಣ, ಆ ಬೇಕರಿಯವಳ ವಿಷಯ..." ಎಂದೆ. ಅವನು ನನ್ನ ಕೈಗೆ ಗುದ್ದಲಿ ಕೊಟ್ಟು, "ಬೇಜಾರಾದಾಗ ಇದು ಒಳ್ಳೇದು," ಎಂದ. ಅಗೆದೆ. ಹಿಟ್ಟು ನಾದಿ ಗಟ್ಟಿಯಾದ ತೋಳು, ಕೆಲಸ ಪರವಾಗಿಲ್ಲ ಎನ್ನುವಂತಿತ್ತು. ಕೂಲಿಯವರು ಮೊದಲು ನಕ್ಕರು, ಆಮೇಲೆ ನನ್ನನ್ನು ಮರೆತು ತಮ್ಮ ಪಾಡಿಗೆ ಮಾತಾಡತೊಡಗಿದರು. ಮೂರು ವರ್ಷ ಹೀಗೆ ಕಳೆಯಿತು. ಕಾಲುವೆ ಸಮುದ್ರ ಮುಟ್ಟಿತು.

ಆ ವರ್ಷದ ವಸಂತದಲ್ಲಿ ಅತ್ತೆಯ ಮನೆಯ ಕುದುರೆಯಾಳು ಬಂದ. "ಅಮ್ಮಾವ್ರು ಸಾಯ್ತಿದಾರಂತೆ ಬುದ್ಧಿ. ಬೇಗ ಬರ್ಬೇಕಂತೆ. ಬೂಟು ಒರೆಸ್ಕೊಂಡು ಒಳಗೆ ಬರ್ಬೇಕಂತೆ."

ಒರೆಸಿಕೊಂಡು ಒಳಗೆ ಹೋದೆ. ಅತ್ತೆ ದಿಂಬುಗಳ ನಡುವೆ ಚಿಕ್ಕದಾಗಿ ಕಾಣುತ್ತಿದ್ದಳು. ಫಿಲಿಪಾ ಕಿಟಕಿಯ ಬಳಿ ನಿಂತಿದ್ದಳು. ಅವಳನ್ನು ಅಷ್ಟು ಹತ್ತಿರದಿಂದ ನೋಡಿ ಮೂರು ವರ್ಷವಾಗಿತ್ತು. ಗಾಳಿಬಿಸಿಲಿಗೆ ಮುಖ ಕಂದಿತ್ತು, ಚೆನ್ನಾಗಿ ಕಾಣುತ್ತಿದ್ದಳು. ಅತ್ತೆಯ ಹೈನು, ತೋಟ, ಕುದುರೆಗಾಡಿ ಎಲ್ಲ ಈಗ ಅವಳ ಕೈಯಲ್ಲಿತ್ತೆಂದು ಕೇಳಿದ್ದೆ.

"ಬಂದ್ಯಾ. ಕೂತ್ಕೋ," ಎಂದಳು ಅತ್ತೆ. "ಸಾಯೋಕೆ ಮುಂಚೆ ಕ್ಷಮಿಸಬೇಕಂತೆ, ಪಾದ್ರಿ ಹೇಳಿದಾರೆ. ಅದಕ್ಕೆ ಕರೆಸಿದೆ. ಆದ್ರೆ ನಿನ್ನ ಮುಖ ನೋಡಿದ್ರೆ ಕಷ್ಟ ಆಗ್ತಿದೆ."

"ಕ್ಷಮಿಸೋಕೆ ಅಲ್ಲಿ ಏನೂ ಇಲ್ಲ ಅಮ್ಮ," ಎಂದಳು ಫಿಲಿಪಾ. ಅವಳು ಮಂಚದ ಹತ್ತಿರ ಬಂದಳು. "ನಾನು ಇವರಿಗೆ ಯಾವತ್ತೂ ಮಾತು ಕೊಟ್ಟಿರಲಿಲ್ಲ. ಎರಡು ಸಲ ಬೇಡ ಅಂದಿದ್ದೆ. ಕಡ್‌ವರ್ತ್ ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳಿದ್ದೆ. ಇವರು ನನ್ನನ್ನ ಬಿಡಿಸೋಕೆ ಆ ಕತೆ ಕಟ್ಟಿದ್ರು."

ನಾನು ಟೊಪ್ಪಿಯ ಅಂಚನ್ನು ತಿರುಗಿಸುತ್ತ ಕೂತಿದ್ದೆ. ಇಷ್ಟು ದಿನ ಯಾರಾದರೂ ಹೇಳಲೆಂದು ಹಂಬಲಿಸಿದ ಮಾತು. ಕೇಳುವಾಗ ನಾಚಿಕೆಯಾಯಿತು.

"ಗೊತ್ತಿತ್ತು," ಎಂದಳು ಅತ್ತೆ.

"ಏನು?" ಎಂದೆವು ಇಬ್ಬರೂ.

"ಬುದ್ಧಿ ಇರೋ ಹುಡುಗಿ ಇವನನ್ನ ಒಪ್ಪೋದುಂಟಾ ಅಂತ ಮೊದಲಿಂದ್ಲೂ ಸಂಶಯ ಇತ್ತು. ಇವನು ಆ ರೊಟ್ಟಿಯವಳ ಹೆಸರು ಹೇಳಿದಾಗ ಎಡಗಿವಿ ಕೆಂಪಾಯ್ತು. ಸಣ್ಣವನಿದ್ದಾಗಿಂದ ಸುಳ್ಳು ಹೇಳಿದ್ರೆ ಹಾಗೇ."

"ಮತ್ತೆ ಮೂರು ವರ್ಷ ನನ್ನನ್ನ ಯಾಕೆ ಬೈದ್ರಿ ಅತ್ತೆ?"

"ನಿನ್ನನ್ನ ಕ್ಷಮಿಸಿದ್ರೆ ಇವಳನ್ನ ಇಲ್ಲಿ ಇಟ್ಕೊಳ್ಳೋಕೆ ನೆಪ ಎಲ್ಲಿರ್ತಿತ್ತು? ಇವರಪ್ಪ ಮಾರನೇ ದಿನ ಬೆವರ್ಲಿಗೆ ಸಾಗಿಸ್ತಿದ್ದ. ನನಗೂ ಒಬ್ಬಳೇ ಇದ್ದು ಸಾಕಾಗಿತ್ತು." ಅವಳು ಫಿಲಿಪಾಳ ಕೈ ಹಿಡಿದುಕೊಂಡಳು. ಆಮೇಲೆ ಅತ್ತೆ ಕಣ್ಣೊರೆಸಿಕೊಂಡು, ಕೋಳಿಸಾರು ಏನಾದರೂ ಇದೆಯೇ ಎಂದು ಕೇಳಿದಳು. ಎರಡು ಬಟ್ಟಲು ಕುಡಿದಳು. ಅದಾದ ಮೇಲೆ ಸಾಯುವ ವಿಚಾರವನ್ನು ಮುಂದಕ್ಕೆ ಹಾಕಿದಳು. ಇನ್ನೂ ಹಾಕುತ್ತಲೇ ಇದ್ದಾಳೆ.

ಕಡ್‌ವರ್ತ್‌ಗೆ ಹಿಂದಿನ ವರ್ಷವೇ ಡ್ರಿಫೀಲ್ಡಿನ ಹೆಣ್ಣು ಸಿಕ್ಕಿ ಮದುವೆಯಾಗಿತ್ತು. ಇನ್ನು ಹೆದರಿಕೆ ಇಲ್ಲ, ಹೋಗಿ ನಿಮ್ಮಪ್ಪನಿಗೆ ನಿಜ ಹೇಳು ಎಂದು ಅತ್ತೆ ಫಿಲಿಪಾಳನ್ನು ವಾರದ ಮೇಲೆ ನನ್ನ ಜೊತೆ ಕಳಿಸಿದಳು. ಚಿಕ್ಕ ಗಾಡಿ, ಒಂದೇ ಕುದುರೆ. ಲಗಾಮು ನಾನು ಹಿಡಿದಿದ್ದೆ. ಬಹಳ ದೂರ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು. ಅದು ಮುಗಿಯಿತು.

"ಅವತ್ತು ಯಾಕೆ ಹಾಗೆ ಮಾಡಿದ್ರಿ?" ಎಂದಳು.

"ಗೊತ್ತಿಲ್ಲ. ಊಟ ಚೆನ್ನಾಗಿತ್ತು."

ಅವಳು ನಗಲಿಲ್ಲ. "ನೀವು ತಮಾಷೆ ಮಾಡಿ ತಪ್ಪಿಸ್ಕೊಳ್ತೀರಿ. ನಿಜ ಹೇಳಿ."

ಕುದುರೆಯ ಕಿವಿಗಳ ನಡುವೆ ರಸ್ತೆ ನೋಡುತ್ತ ಹೇಳಿದೆ. "ನೀವು ದಣಿದಿದ್ರಿ. ನನ್ನನ್ನ ಕಂಡು ಇನ್ನೂ ದಣಿದ್ರಿ. ಅದನ್ನ ದಿನಾ ಎದುರಿಗೆ ಕೂತು ನೋಡೋದು ನನ್ನ ಕೈಲಿ ಆಗ್ತಿರಲಿಲ್ಲ."

ಗಾಡಿ ಸ್ವಲ್ಪ ದೂರ ಹೋಯಿತು.

"ಈಗ ದಣಿದಿಲ್ಲ," ಎಂದಳು ಫಿಲಿಪಾ. "ಇನ್ನೊಂದು ಸಲ ಕೇಳೋದಾದ್ರೆ ಕೇಳಬಹುದು. ಬಲವಂತ ಇಲ್ಲ."

ರಸ್ತೆ ನೋಡುವುದನ್ನು ಬಿಟ್ಟು ಅವಳ ಕಡೆ ತಿರುಗಿದೆ. ಕೇಳಿದೆ. ಏನು ಕೇಳಿದೆನೋ ಸರಿಯಾಗಿ ನೆನಪಿಲ್ಲ. ಜಮೀನು ಸೈಲಸ್ ನೋಡಿಕೊಳ್ಳುತ್ತಾನೆ, ದೊಡ್ಡಮನೆಯ ಒಲೆಗೂಡು ಹೊಗೆಯಾಡುತ್ತದೆ, ಊರವರು ನಿಮಗೂ ಛೀ ಎನ್ನಬಹುದು ಎಂದೆಲ್ಲ ಹೇಳಿದೆನಂತೆ.

"ಹಿಂದಿನ ಎರಡು ಸಲಕ್ಕಿಂತ ಕಡೆ," ಎಂದಳು. "ಆಗ್ಲಿ, ಒಪ್ಪಿದೆ. ಲಗಾಮು ಇಲ್ಲಿ ಕೊಡಿ, ಚಕ್ರ ಹಳ್ಳಕ್ಕೆ ಹೋಗ್ತಿದೆ."

ಕೊಟ್ಟೆ. ಅವಳು ಗಾಡಿಯನ್ನು ರಸ್ತೆಗೆ ತಂದು, ಕುದುರೆಗೆ ಏನೋ ಹೇಳಿ, ನಾನು ಹೊಡೆದದ್ದಕ್ಕಿಂತ ಎರಡರಷ್ಟು ವೇಗದಲ್ಲಿ ಥಾರ್ನ್‌ಹೋಮ್ ಮುಟ್ಟಿಸಿದಳು.

ಪಾದ್ರಿಗಳು ಓದುವ ಕೋಣೆಯಲ್ಲಿದ್ದರು. ಮಗಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಅಂದ್ರೆ ಮೊದಲು ನಿಶ್ಚಯ ಆಗಿದ್ದು ಸುಳ್ಳು."

"ಹೌದಪ್ಪ."

"ಇವರು ಮುರಿದಿದ್ದೂ ಸುಳ್ಳು."

"ಹೌದು."

"ರೊಟ್ಟಿಯವಳು?"

"ಅವರು ನಿಜ," ಎಂದೆ ನಾನು. "ಅವರಿಗೆ ನನ್ನನ್ನ ಕಂಡ್ರೆ ಆಗ್ತಿರಲಿಲ್ಲ."

"ಈಗ ಮತ್ತೆ ನಿಶ್ಚಯ ಆಗಿರೋದು?"

"ಇದು ನಿಜ ಅಪ್ಪ. ಅರ್ಧ ಗಂಟೆ ಆಯ್ತು."

ಪಾದ್ರಿಗಳು ನನ್ನ ಎಡಗಿವಿಯನ್ನು ಬಹಳ ಹೊತ್ತು ಪರೀಕ್ಷಿಸಿದರು. ಅತ್ತೆ ಅವರಿಗೂ ಹೇಳಿದ್ದಳೆಂದು ಕಾಣುತ್ತದೆ. ಆಮೇಲೆ, "ಇನ್ನೊಂದು ಸಲ ಮೊದಲಿಂದ ಹೇಳಮ್ಮಾ, ನಿಧಾನವಾಗಿ," ಎಂದರು. ಫಿಲಿಪಾ ಕುರ್ಚಿ ಎಳೆದುಕೊಂಡು ಕೂತು ಮೊದಲಿನಿಂದ ಹೇಳತೊಡಗಿದಳು. ನಾನು ಕುದುರೆಗೆ ನೀರು ಕುಡಿಸಲು ಹೊರಗೆ ಬಂದೆ.